ಮಾರಾಟಗಾರನ ಬರಹಕ್ಕೆ ನಂಬಿಕೆ ಕೂಡಿಬಂದ ಬಗೆ

ತನ್ನ ಸರಕನ್ನು ಹೊಗಳಿ ಬರೆಯುವುದು ಜಾಹೀರಾತು. ಆ ಸರಕು ಯಾವ ತೊಂದರೆಯ ಪರಿಹಾರಕ್ಕಾಗಿ ಹುಟ್ಟಿತೋ ಆ ತೊಂದರೆಯ ಕುರಿತು, ಕೊಳ್ಳದವರಿಗೂ ಉಪಯೋಗವಾಗುವಂತೆ ಬರೆದು, ಓದುಗರಲ್ಲಿ ಕೆಲವರಾದರೂ ಮುಂದೊಂದು ದಿನ ಗಿರಾಕಿಗಳಾಗಿ ಬರುವರೆಂದು ಕಾಯುವುದು ಬೇರೆಯೇ ಆದ ಕಸುಬು. ಇಂದಿನ ವ್ಯಾಪಾರದ ಪರಿಭಾಷೆಯಲ್ಲಿ ಈ ಕಸುಬಿಗೆ ‘ಕಂಟೆಂಟ್ ಮಾರ್ಕೆಟಿಂಗ್’ ಎಂದೂ, ಓದುಗನು ಗಿರಾಕಿಯಾಗುವ ಘಟ್ಟಕ್ಕೆ ‘ಕನ್ವರ್ಷನ್’ ಎಂದೂ ಹೆಸರು. ಹೆಸರುಗಳು ಹೊಸವಾದರೂ ಕಸುಬು ಹಳೆಯದು; ದಕ್ಷಿಣ ಭಾರತದಲ್ಲಿ ಅದರ ಜಾಡನ್ನು ಹಿಡಿಯಲು ಹಿಂದೆ ಮದರಾಸು ಎನಿಸಿದ್ದ ಚೆನ್ನೈಗಿಂತ ತಕ್ಕ ಊರಿಲ್ಲ. ಸುಮಾರು ನೂರು ವರ್ಷಗಳ ಅಂತರದಲ್ಲಿ ಅಲ್ಲಿ ಅದು ಎರಡು ಬಾರಿ ಚಿಗುರಿತು, ಒಮ್ಮೆ ಔಷಧದ ಸೀಸೆಗಾಗಿ, ಮತ್ತೊಮ್ಮೆ ಸಾಫ್ಟ್‌ವೇರ್‌ಗಾಗಿ. ಎರಡು ಸಲವೂ ಕಾರಣ ಒಂದೇ: ಮಾರುವ ವಸ್ತು ಕಡಿಮೆ ಬೆಲೆಯದು, ಕೊಳ್ಳುವವರು ದೂರದವರು. ಮನೆಮನೆಗೆ ಆಳನ್ನು ಕಳುಹಿಸಿದರೆ ಆಳಿನ ಸಂಬಳವೇ ಲಾಭವನ್ನು ನುಂಗುವಂತಿದ್ದಾಗ, ಆಳಿನ ಕೆಲಸವನ್ನು ಅಕ್ಷರವೇ ಮಾಡಬೇಕಾಯಿತು.

ಮೊದಲ ಸಲ ಅಕ್ಷರಕ್ಕೆ ಆ ಬಲ ತಂದುಕೊಟ್ಟದ್ದು ಅಂಚೆ. 1877ರಲ್ಲಿ ಭಾರತದ ಅಂಚೆ ಇಲಾಖೆ ಜಾರಿಗೆ ತಂದ ವಿ.ಪಿ.ಪಿ. (ವ್ಯಾಲ್ಯೂ ಪೇಯಬಲ್ ಪೋಸ್ಟ್) ಪದ್ಧತಿಯಲ್ಲಿ, ಕೊಳ್ಳುವವರು ಮುಂಗಡ ಕಳುಹಿಸುವ ಅಗತ್ಯವಿಲ್ಲದೆ, ಪೊಟ್ಟಣ ಮನೆಬಾಗಿಲಿಗೆ ಬಂದ ಮೇಲೆಯೇ ಪೋಸ್ಟ್‌ಮ್ಯಾನ್ ಕೈಗೆ ಹಣವನ್ನು ಕೊಡಬಹುದಾಗಿತ್ತು. ಆ ಹಣವನ್ನು ಮಾರಿದವರಿಗೆ ಮುಟ್ಟಿಸುವ ಹೊಣೆ ಇಲಾಖೆಯದು. ಬಳ್ಳಾರಿ, ಮಂಗಳೂರು, ಕಾಸರಗೋಡುಗಳು ಅಂದು ಮದರಾಸು ಪ್ರಾಂತ್ಯದೊಳಗೇ ಇದ್ದುದರಿಂದ, ಮದರಾಸಿನ ಅಂಗಡಿ ಆ ಊರುಗಳ ಕನ್ನಡಿಗರಿಗೂ ರಾಜಧಾನಿಯ ಅಂಗಡಿಯೇ ಆಗಿತ್ತು. ಮುಖ ಕಾಣದ ವ್ಯಾಪಾರಿಯ ಮೇಲಿನ ಅನುಮಾನವನ್ನು ಹೀಗೆ ಅರ್ಧದಷ್ಟು ಕಳೆದವನು ಪೋಸ್ಟ್‌ಮ್ಯಾನ್. ಉಳಿದರ್ಧವನ್ನು ಕಳೆಯುವ ಕೆಲಸ ಅಚ್ಚಿನ ಪಾಲಿಗೆ ಬಂದಿತು.

ಕಾಶೀನಾಥುನಿ ನಾಗೇಶ್ವರರಾವ್ ಅವರು ಅಮೃತಾಂಜನವನ್ನು ತಯಾರಿಸತೊಡಗಿದ್ದು 1893ರಲ್ಲಿ, ಮುಂಬಯಿಯಲ್ಲಿ. ಹಣೆಗೆ ಹಚ್ಚುವ ಆ ಹಳದಿ ಮುಲಾಮನ್ನು ಅವರು ಸಂಗೀತ ಕಛೇರಿಗಳಿಗೆ ಬಂದವರಿಗೆ ಉಚಿತವಾಗಿ ಹಂಚುತ್ತಿದ್ದರೆಂಬುದು ಪ್ರಸಿದ್ಧ ಸಂಗತಿ. 1908ರಲ್ಲಿ ಅಲ್ಲಿಯೇ ‘ಆಂಧ್ರಪತ್ರಿಕಾ’ ವಾರಪತ್ರಿಕೆಯನ್ನು ಆರಂಭಿಸಿ, 1914ರಲ್ಲಿ ಮದರಾಸಿಗೆ ಬಂದು ಅದನ್ನು ದಿನಪತ್ರಿಕೆಯನ್ನಾಗಿ ಮಾಡಿದರು. 1924ರಲ್ಲಿ ‘ಭಾರತಿ’ ಎಂಬ ಸಾಹಿತ್ಯ ಮಾಸಪತ್ರಿಕೆಯೂ ಹುಟ್ಟಿತು. ಮುಲಾಮಿನ ಲಾಭ ಪತ್ರಿಕೆಗಳನ್ನು ಸಾಕಿತು. ಆದರೆ ಪತ್ರಿಕೆಗಳು ಮುಲಾಮಿನ ತುತ್ತೂರಿಗಳಾಗಲಿಲ್ಲ. ‘ಭಾರತಿ’ ತೆಲುಗು ವಿದ್ವತ್ತಿನ ಗೌರವದ ವೇದಿಕೆಯಾಗಿ ಬೆಳೆಯಿತು. ಸರಕಿಗೂ ಬರಹಕ್ಕೂ ಒಬ್ಬರೇ ಒಡೆಯರಿದ್ದು, ಬರಹವು ಸರಕಿನ ಹೆಸರೆತ್ತದೆ ತನ್ನ ಪಾಡಿಗೆ ಒಳ್ಳೆಯ ಬರಹವಾಗಿರುವುದು ಈ ಕಸುಬಿನ ಅತ್ಯಂತ ಉದಾರವಾದ ರೂಪ. ಅದರಿಂದ ಎಷ್ಟು ಸೀಸೆಗಳು ಹೆಚ್ಚಾಗಿ ಮಾರಾಟವಾದವೆಂದು ಲೆಕ್ಕ ಹಾಕುವಂತಿಲ್ಲ, ಆದರೆ ಸೀಸೆಯ ಹಿಂದಿನ ಮನುಷ್ಯ ಯಾರೆಂಬುದು ಮಾತ್ರ ಆಂಧ್ರದ ಓದುಗರಿಗೆ ಚೆನ್ನಾಗಿ ತಿಳಿದಿತ್ತು.

ಇಂದಿನ ಕಸುಬಿಗೆ ಇನ್ನೂ ಹತ್ತಿರವಾದದ್ದು ಕೆ. ಎನ್. ಕೇಸರಿ ಅವರ ಪ್ರಯತ್ನ. ಮದರಾಸಿನಲ್ಲಿ ‘ಕೇಸರಿ ಕುಟೀರ’ ಎಂಬ ಆಯುರ್ವೇದ ಔಷಧಾಲಯವನ್ನು ಕಟ್ಟಿ, ಸ್ತ್ರೀಯರ ಆರೋಗ್ಯಕ್ಕೆಂದು ‘ಲೋಧ್ರ’ ಎಂಬ ಔಷಧವನ್ನು ಮಾರುತ್ತಿದ್ದ ಅವರು, 1928ರಲ್ಲಿ ‘ಗೃಹಲಕ್ಷ್ಮಿ’ ಎಂಬ ತೆಲುಗು ಮಾಸಪತ್ರಿಕೆಯನ್ನು ಆರಂಭಿಸಿದರು. ಔಷಧ ಯಾರಿಗಾಗಿತ್ತೋ ಪತ್ರಿಕೆಯೂ ಅವರಿಗಾಗಿಯೇ ಇತ್ತು, ಎಂದರೆ ಮನೆಯಲ್ಲಿ ಕುಳಿತು ಓದುವ, ವೈದ್ಯರ ಬಳಿ ಬಾಯಿಬಿಟ್ಟು ಹೇಳಲಾಗದ ತೊಂದರೆಗಳಿದ್ದ, ಅಂಚೆಯ ಮೂಲಕವಲ್ಲದೆ ಹೊರಗಿನ ಅಂಗಡಿಯನ್ನು ಮುಟ್ಟಲಾಗದ ಹೆಂಗಸರಿಗಾಗಿ. ಲೇಖಕಿ ಕನುಪರ್ತಿ ವರಲಕ್ಷ್ಮಮ್ಮನವರ ‘ಶಾರದ ಲೇಖಲು’ ಇದರಲ್ಲಿಯೇ ಧಾರಾವಾಹಿಯಾಗಿ ಬಂದಿತು. ಗೆಳತಿಗೆ ಬರೆದ ಕಾಗದಗಳ ರೂಪದ ಆ ಬರಹಗಳು ಹೆಣ್ಣುಮಕ್ಕಳ ಓದು, ಮದುವೆ, ಮನೆವಾರ್ತೆಗಳ ಪ್ರಶ್ನೆಗಳನ್ನು ಎತ್ತಿಕೊಂಡವು. 1934ರಲ್ಲಿ ಕೇಸರಿಯವರು ಲೇಖಕಿಯರಿಗೆಂದು ‘ಗೃಹಲಕ್ಷ್ಮಿ ಸ್ವರ್ಣಕಂಕಣ’, ಅಂದರೆ ಚಿನ್ನದ ಬಳೆಯ ಪುರಸ್ಕಾರವನ್ನು ಸ್ಥಾಪಿಸಿದಾಗ ಮೊದಲ ಬಳೆ ಸಂದದ್ದೂ ವರಲಕ್ಷ್ಮಮ್ಮನವರಿಗೇ. ಔಷಧದ ವ್ಯಾಪಾರಿಯೊಬ್ಬರು ಲೇಖಕಿಯರನ್ನು ಗುರುತಿಸಿ ಕೈಗೆ ಚಿನ್ನ ತೊಡಿಸಿದರೆಂಬುದನ್ನು ಬರಿಯ ಮಾರಾಟದ ಉಪಾಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮಾರಾಟಕ್ಕೆ ಅದರಿಂದ ಅನುಕೂಲವಾಗಲಿಲ್ಲವೆನ್ನುವುದೂ ಸರಿಯಲ್ಲ. ಎರಡೂ ಒಟ್ಟಿಗೆ ನಿಜವಾಗಿರಬಲ್ಲವು ಎಂಬಲ್ಲಿಯೇ ಈ ಕಸುಬಿನ ಘನತೆ ಇದೆ.

ಹೊರಗಿನ ಜಗತ್ತಿನಲ್ಲಿಯೂ ಇದೇ ಕಾಲಕ್ಕೆ ಇಂಥವೇ ಪ್ರಯತ್ನಗಳು ನಡೆದಿದ್ದವು. ಅಮೆರಿಕದ ನೇಗಿಲು ತಯಾರಕ ಜಾನ್ ಡಿಯರ್ ಕಂಪನಿ 1895ರಲ್ಲಿ ‘ದಿ ಫರೋ’ ಎಂಬ ಕೃಷಿ ಪತ್ರಿಕೆಯನ್ನೂ, ಫ್ರಾನ್ಸಿನ ಟೈರು ತಯಾರಕ ಮಿಷೆಲಿನ್ ಸೋದರರು 1900ರಲ್ಲಿ ಕಾರು ಓಡಿಸುವವರಿಗೆಂದು ಉಚಿತ ಕೈಪಿಡಿಯನ್ನೂ ಹೊರತಂದರು. ಮದರಾಸಿನಲ್ಲಿ ದಾರಿ ತಿರುವುಮುರುವಾದ ಉದಾಹರಣೆಯೂ ಉಂಟು. ಅಂಚೆಯ ಮೂಲಕ ಸರಕು ಮಾರುತ್ತ ಜಾಹೀರಾತಿನ ವ್ಯವಹಾರವನ್ನೂ ನಡೆಸುತ್ತಿದ್ದ ಎಸ್. ಎಸ್. ವಾಸನ್, ತಾವು ಜಾಹೀರಾತು ಕೊಡುತ್ತಿದ್ದ ‘ಆನಂದ ವಿಕಟನ್’ ಪತ್ರಿಕೆ ನಿಲ್ಲುವಂತಾದಾಗ 1928ರಲ್ಲಿ ಅದನ್ನೇ ಕೊಂಡು ಬೆಳೆಸಿದರು.

ಈ ಚರಿತ್ರೆಗೆ ಕಪ್ಪು ಮಗ್ಗುಲೂ ಇದೆ. ಸಲಹೆಯ ಉಡುಪು ತೊಟ್ಟ ಸುಳ್ಳು, ನೇರವಾದ ಸುಳ್ಳಿಗಿಂತ ಹೆಚ್ಚು ಹಾನಿ ಮಾಡುತ್ತದೆ. ರೋಗದಿಂದ ಹೆದರಿದ ಓದುಗರ ಮುಂದೆ ಆರೋಗ್ಯ ಲೇಖನದ ರೂಪದಲ್ಲಿ ಬಂದ ಅತಿಶಯೋಕ್ತಿಗಳನ್ನು ನಂಬಿ ಹಣದೊಂದಿಗೆ ಜೀವವನ್ನೂ ಕಳೆದುಕೊಂಡವರ ಸಂಖ್ಯೆ ಯಾವ ಪುಸ್ತಕದಲ್ಲಿಯೂ ದಾಖಲಾಗದು. ಸಂಸತ್ತು 1954ರಲ್ಲಿ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯನ್ನು ತಂದು, ಕೆಲವು ರೋಗಗಳಿಗೆ ಮದ್ದಿದೆಯೆಂದು ಜಾಹೀರುಮಾಡುವುದನ್ನೇ ನಿಷೇಧಿಸಿದ್ದು ಇಂಥ ಬರಹಗಳ ಕಾರಣದಿಂದ.

ಹಾಗಾದರೆ ನಂಬಲರ್ಹವಾದ ಬರಹದ ಗುರುತೇನು? ಮದರಾಸಿನಲ್ಲಿಯೇ ಅದಕ್ಕೊಂದು ಉತ್ತರ ಸಿದ್ಧವಾಗಿತ್ತು, ಔಷಧಾಲಯದಲ್ಲಲ್ಲ, ಅಡುಗೆಮನೆಯಲ್ಲಿ. 1951ರಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ಪ್ರಕಟಿಸಿದ ‘ಸಮೈತ್ತುಪ್ಪಾರ್’, ಅಂದರೆ ‘ಅಡುಗೆ ಮಾಡಿ ನೋಡು’, ತನ್ನ ಹೆಸರಿನಲ್ಲಿಯೇ ಓದುಗರನ್ನು ಪರೀಕ್ಷೆಗೆ ಕರೆಯುತ್ತದೆ. ಹೊಸದಾಗಿ ಸಂಸಾರ ಹೂಡಿದ ಹುಡುಗಿ ಬೇಳೆ, ಹುಣಿಸೆ, ಮೆಣಸಿನಕಾಯಿಗಳ ಅಳತೆಯನ್ನು ಪುಸ್ತಕದಲ್ಲಿದ್ದಂತೆ ಹಾಕಿ ಸಾರು ಮಾಡಿದರೆ, ಬರೆದವರ ಮಾತು ನಿಜವೋ ಸುಳ್ಳೋ ಎಂಬುದು ಆ ಹೊತ್ತಿನ ಊಟದಲ್ಲಿಯೇ ತೀರ್ಮಾನವಾಗುತ್ತದೆ. ಪ್ರೆಷರ್ ಕುಕ್ಕರಿನ ಪೆಟ್ಟಿಗೆಯಲ್ಲಿ ಇಟ್ಟು ಕಳುಹಿಸುವ ಪಾಕದ ಪುಸ್ತಿಕೆಯೂ ಇದೇ ಜಾತಿಗೆ ಸೇರಿದ್ದು. ಯಾವ ಕಾಳಿಗೆ ಎಷ್ಟು ನೀರು, ಎಷ್ಟು ಹೊತ್ತು ಎಂದು ಅದು ಸರಿಯಾಗಿ ಹೇಳಿದ್ದರೆ ಮನೆಯವರು ಕುಕ್ಕರನ್ನೂ ನಂಬುತ್ತಾರೆ, ತಪ್ಪು ಹೇಳಿದ್ದರೆ ಅನ್ನ ತಳ ಹಿಡಿದ ದಿನವೇ ಎರಡರ ಮೇಲಿನ ನಂಬಿಕೆಯೂ ಹೋಗುತ್ತದೆ. ಓದುಗರು ತಾವೇ ಪರೀಕ್ಷಿಸಬಹುದಾದಷ್ಟು ನಿರ್ದಿಷ್ಟವಾಗಿ ಬರೆಯುವುದು, ತಪ್ಪಾದರೆ ಸಿಕ್ಕಿಬೀಳುವೆನೆಂದು ತಿಳಿದೂ ಹಾಗೆ ಬರೆಯುವುದು, ಈ ಕಸುಬಿನ ಮೊದಲ ಲಕ್ಷಣ.

ಕನ್ನಡದಲ್ಲಿ ಈ ಲಕ್ಷಣವನ್ನು ಅತ್ಯಂತ ಗಟ್ಟಿಯಾಗಿ ಉಳಿಸಿಕೊಂಡದ್ದು 1988ರಲ್ಲಿ ಪುತ್ತೂರಿನಿಂದ ಆರಂಭವಾದ ‘ಅಡಿಕೆ ಪತ್ರಿಕೆ’. ಕೃಷಿಕರ ಕೈಗೇ ಲೇಖನಿ ಕೊಡುವುದನ್ನು ಧ್ಯೇಯವಾಗಿಟ್ಟುಕೊಂಡ ಈ ಪತ್ರಿಕೆಯಲ್ಲಿ, ಶ್ರೀಪಡ್ರೆಯವರಂಥ ಪತ್ರಕರ್ತರ ದುಡಿಮೆಯಿಂದ, ಅನುಭವ ಹೇಳಿದ ರೈತರ ಹೆಸರು, ಊರು, ದೂರವಾಣಿ ಸಂಖ್ಯೆಗಳನ್ನು ಬರಹದೊಡನೆ ಅಚ್ಚು ಮಾಡುವ ಪದ್ಧತಿ ನೆಲೆಗೊಂಡಿತು. ಹಲಸಿನ ಹಪ್ಪಳ ಮಾಡುವವರನ್ನೋ, ಹೊಸ ಬಗೆಯ ದೋಟಿ ರೂಪಿಸಿದವರನ್ನೋ ಓದುಗರು ನೇರವಾಗಿ ಕರೆದು ಕೇಳಬಹುದು, ಕೇಳಿದವರು ಕೊಳ್ಳಲೂಬಹುದು. ಇಲ್ಲಿ ನಂಬಿಕೆಗೆ ಜಾಮೀನು ನಿಂತದ್ದು ಒಂದು ದೂರವಾಣಿ ಸಂಖ್ಯೆ.

ಚೆನ್ನೈನ ಎರಡನೆಯ ಚಿಗುರು ಕಂಪ್ಯೂಟರಿನದು. 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಹೆಸರಿನಲ್ಲಿ ಆರಂಭವಾಗಿ 2009ರಲ್ಲಿ ಜೋಹೋ ಎಂದಾದ ಶ್ರೀಧರ್ ವೆಂಬು ಮತ್ತು ಸಂಗಡಿಗರ ಕಂಪನಿ, ಹೊರಗಿನ ಬಂಡವಾಳವನ್ನು ನೆಚ್ಚದೆ, ‘ಸಾಸ್’ ಎನ್ನಲಾಗುವ ಸರಕನ್ನು, ಎಂದರೆ ಒಮ್ಮೆಗೇ ಕೊಳ್ಳದೆ ತಿಂಗಳ ಬಾಡಿಗೆ ಕೊಟ್ಟು ಇಂಟರ್ನೆಟ್ಟಿನ ಮೂಲಕ ಬಳಸುವ ಸಾಫ್ಟ್‌ವೇರನ್ನು, ಜಗತ್ತಿನ ಸಣ್ಣಪುಟ್ಟ ಉದ್ಯಮಗಳಿಗೆ ಒದಗಿಸಿತು. ಅಲ್ಲಿಯೇ ದುಡಿದು ಹೊರಬಂದ ಗಿರೀಶ್ ಮಾತೃಭೂತಮ್ 2010ರಲ್ಲಿ ಫ್ರೆಶ್‌ಡೆಸ್ಕ್ ಸ್ಥಾಪಿಸಿದರು. ಗಿರಾಕಿಗಳ ದೂರುಗಳನ್ನೆಲ್ಲ ಒಂದೆಡೆ ಕಲೆಹಾಕಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಉತ್ತರ ಹೋಗುವವರೆಗೂ ಕಣ್ಣಿಡುವ ‘ಹೆಲ್ಪ್‌ಡೆಸ್ಕ್’ ಅವರ ಸರಕು. ಅಮೆರಿಕದಿಂದ ಚೆನ್ನೈಗೆ ಮರಳುವಾಗ ಒಡೆದುಹೋದ ಟಿವಿಯ ವಿಮೆ ಹಣಕ್ಕಾಗಿ ತಿಂಗಳುಗಟ್ಟಲೆ ಅಲೆದು, ಕೊನೆಗೆ ಆ ವೃತ್ತಾಂತವನ್ನು ಸಾರ್ವಜನಿಕವಾಗಿ ಬರೆದೊಡನೆ ಹಣ ಕೈಸೇರಿತೆಂಬುದನ್ನು ಅವರೇ ಹಲವು ಕಡೆ ಹೇಳಿಕೊಂಡಿದ್ದಾರೆ. ಕೆಲಸ ಬಿಟ್ಟು ಕಂಪನಿ ಕಟ್ಟಿದ ಕಥೆಯನ್ನೂ ಅವರು 2011ರಲ್ಲಿ ಮುಚ್ಚುಮರೆಯಿಲ್ಲದೆ ಬರೆದಾಗ ದೇಶವಿದೇಶಗಳ ತಂತ್ರಜ್ಞರು ಅದನ್ನು ಓದಿದರು. ಅದೇ ವರ್ಷ ಬಂದ ಮೊದಲ ಗಿರಾಕಿ ಆಸ್ಟ್ರೇಲಿಯಾದ ಆಟ್ವೆಲ್ ಕಾಲೇಜು. ಫ್ರೆಶ್‌ವರ್ಕ್ಸ್ ಎಂದು ಹೆಸರು ಬದಲಿಸಿಕೊಂಡ ಕಂಪನಿ 2021ರ ಸೆಪ್ಟೆಂಬರಿನಲ್ಲಿ ನ್ಯಾಸ್ಡ್ಯಾಕ್ ಶೇರುಪೇಟೆಯನ್ನು ಸೇರಿತು. ತಿಂಗಳಿಗೆ ಕೆಲವೇ ಡಾಲರು ಕೊಡುವ ಆಸ್ಟ್ರೇಲಿಯಾದ ಗಿರಾಕಿಗಾಗಿ ಚೆನ್ನೈನಿಂದ ವಿಮಾನದಲ್ಲಿ ಮಾರಾಟಗಾರನನ್ನು ಕಳುಹಿಸುವುದು ಸಾಧ್ಯವಿರಲಿಲ್ಲ. ಕೇಸರಿ ಕುಟೀರದ ಲೆಕ್ಕಾಚಾರವೇ ಇಲ್ಲಿಯೂ ಮರಳಿತು. ಹಣ ಕೊಡುವ ಮೊದಲು ಕೆಲವು ದಿನ ಬಳಸಿ ನೋಡುವ ‘ಉಚಿತ ಪ್ರಯೋಗಾವಧಿ’ಯನ್ನು ಹಳೆಯ ವಿ.ಪಿ.ಪಿ.ಯ ಮೊಮ್ಮಗುವೆನ್ನಬಹುದು.

ಇಂಥ ಕಂಪನಿಗಳಲ್ಲಿ ಬರಹ ಹುಟ್ಟುವ ಸ್ಥಳವನ್ನು ಹತ್ತಿರದಿಂದ ನೋಡುವುದು ಸೂಕ್ತ. ಗಿರಾಕಿಗಳಿಗೆ ಉತ್ತರಿಸುವ ಮೇಜಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಹಳೆಯ ಸಾಫ್ಟ್‌ವೇರಿನಲ್ಲಿರುವ ವಿಳಾಸಗಳನ್ನು ಹೊಸದಕ್ಕೆ ಸಾಗಿಸುವುದು ಹೇಗೆ, ಅರ್ಧ ಸಾಗಿ ನಿಂತುಹೋದರೆ ಏನು ಮಾಡಬೇಕು. ಉತ್ತರಿಸುವವರು ಹತ್ತನೆಯ ಸಲ ಅದೇ ಉತ್ತರವನ್ನು ಟೈಪು ಮಾಡುವ ಬದಲು ಹಂತಹಂತವಾಗಿ ಬರೆದು, ಪರದೆಯ ಚಿತ್ರಗಳನ್ನು ಸೇರಿಸಿ, ಬರೆದ ದಿನಾಂಕವನ್ನು ನಮೂದಿಸಿದರೆ ಒಂದು ಪುಟ ಸಿದ್ಧವಾಗುತ್ತದೆ. ತಮ್ಮ ಸರಕು ಯಾವ ಕೆಲಸಕ್ಕೆ ಒದಗುವುದಿಲ್ಲವೆಂಬುದನ್ನೂ ಆ ಪುಟದಲ್ಲಿ ಹೇಳಿದರೆ ಅದರ ತೂಕ ಇಮ್ಮಡಿಯಾಗುತ್ತದೆ. ಹಾಗೆ ಹೇಳುವ ಧೈರ್ಯ ಅಪರೂಪ. ಇದಕ್ಕೆ ವಿರುದ್ಧವಾದದ್ದು, ಗೂಗಲ್ ಹುಡುಕಾಟದಲ್ಲಿ ಮೇಲೆ ಕಾಣಿಸಿಕೊಳ್ಳುವ ವಿದ್ಯೆಯಾದ ‘ಎಸ್‌ಇಒ’ ಒಂದನ್ನೇ ಗುರಿಯಾಗಿಟ್ಟುಕೊಂಡು, ಜನ ಹುಡುಕುವ ಪದಗಳನ್ನು ಪೋಣಿಸಿ, ಅನುಭವವಿಲ್ಲದವರಿಂದ ಬರೆಸಿದ ಪುಟ. ಅಂಥ ಪುಟಗಳ ಹಾವಳಿಯ ನಡುವೆ ಗೂಗಲ್ ಸಂಸ್ಥೆಯೇ 2022ರ ಡಿಸೆಂಬರಿನಲ್ಲಿ ತನ್ನ ಗುಣಮಟ್ಟದ ಮಾರ್ಗಸೂಚಿಯಲ್ಲಿದ್ದ ಪರಿಣತಿ, ಅಧಿಕಾರ, ವಿಶ್ವಾಸಾರ್ಹತೆಗಳ ಜೊತೆಗೆ ‘ಅನುಭವ’ ಎಂಬ ನಾಲ್ಕನೆಯ ಅಳತೆಗೋಲನ್ನು ಸೇರಿಸಿತು.

ಪ್ರತಿಫಲ ಪಡೆದು ಬರೆಯುವ ಬರಹಗಳಿಗೆ ಭಾರತದಲ್ಲಿಯೂ ನಿಯಮಗಳು ಬಂದಿವೆ. 2021ರಲ್ಲಿ ಜಾಹೀರಾತು ಮಾನದಂಡ ಮಂಡಳಿಯೂ, 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಮಾರ್ಗಸೂಚಿಗಳನ್ನು ಹೊರಡಿಸಿದವು. ಹಣವನ್ನೋ ಉಚಿತ ಸರಕನ್ನೋ ಪಡೆದು ಬರೆದವರು ಆ ಸಂಗತಿಯನ್ನು ಕಣ್ಣಿಗೆ ಬೀಳುವಂತೆ ತಿಳಿಸಬೇಕು. ‘ಮುಂದೆ ಓದಿ’ ಎಂಬುದನ್ನು ಒತ್ತಿದ ಮೇಲೆ ಮಾತ್ರ ಕಾಣುವಂತೆ ಅಡಗಿಸಬಾರದು. ಆ ಸೂಚನೆ ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ಜಾಹೀರಾತಿನ ಭಾಷೆಯಲ್ಲಿರಬೇಕು ಎಂದು ಮಂಡಳಿ ಹೇಳುತ್ತದೆ. ಕನ್ನಡದಲ್ಲಿ ಬರೆದು ಕನ್ನಡಿಗರಿಗೆ ಮಾರುವವರು ಆ ‘ಇಲ್ಲವೇ’ಯ ಮರೆಯಲ್ಲಿ ನಿಲ್ಲದೆ, ಕನ್ನಡದ ಪತ್ರಿಕೆಗಳಲ್ಲಿ ಓದುಗರಿಗೆ ಬಹುಕಾಲದಿಂದ ಪರಿಚಿತವಾದ ‘ಜಾಹೀರಾತು’ ಎಂಬ ಪದವನ್ನೇ ಬರಹದ ನೆತ್ತಿಯ ಮೇಲೆ ಅಚ್ಚು ಮಾಡಬೇಕು.