ಮಂಕಾದ ಸಿಗ್ನಲ್‌ಗೆ ಎಷ್ಟು ಟ್ರೆಬಲ್?

ನಮ್ಮ ಕಡೆಯ ನಿಡಗುಂದಿಯಲ್ಲಿ ಜಾತ್ರೆ ನಡೆದಾಗ ಊರ ಹೊರಗಿನ ಹೊಲದಲ್ಲಿ ನಿಂತು ಕೇಳಿ. ಡೊಳ್ಳಿನ ಪೆಟ್ಟು ಬರುತ್ತದೆ, ಹಾಡಿನ ಮಾತು ಬರುವುದಿಲ್ಲ. ದನಿ ಬರೀ ಗುಂಯ್‌ಗುಡುತ್ತದೆ. ಸಕಾರ, ಶಕಾರ, ಚಕಾರಗಳೆಲ್ಲ ದಾರಿಯಲ್ಲೇ ಉದುರಿಹೋಗಿರುತ್ತವೆ. ಗಾಳಿ ಕೀಚಲು ಸ್ವರಗಳನ್ನು ಬೇಗ ನುಂಗುತ್ತದೆ, ದಪ್ಪ ಸ್ವರಗಳನ್ನು ಹೋಗಗೊಡುತ್ತದೆ. ‘ಆವಾಜ್ ಜಾಸ್ತಿ ಮಾಡ್ರಿ’ ಎಂದು ಕೂಗಿದರೆ ಮೈಕ್ ಸೆಟ್ಟಿನವರು ವಾಲ್ಯೂಮ್ ಏರಿಸಿಯಾರು. ಆಗ ಡೊಳ್ಳು ಎದೆಗೆ ಗುದ್ದುತ್ತದೆ, ಮಾತು ಮಾತ್ರ ಇದ್ದಷ್ಟೇ ಮಸುಕು. ತಿರುಗಿಸಬೇಕಾದದ್ದು ಕೀಚಲು ಸ್ವರಗಳನ್ನಷ್ಟೇ ಏರಿಸುವ ಟ್ರೆಬಲ್ ಗುಂಡಿಯನ್ನು.

ಮದುವೆ ವಿಡಿಯೊ ಮಾಡುವವರು ಇದೇ ತೊಂದರೆಯನ್ನು ಬೇರೆ ವೇಷದಲ್ಲಿ ಕಂಡಿರುತ್ತಾರೆ. ಸೆಕೆಂಡಿಗೆ 500 ಕೋಟಿ ಬಿಟ್ ಸಾಗಿಸಬೇಕಾದ ಯುಎಸ್‌ಬಿ 3 ಹಾರ್ಡ್ ಡಿಸ್ಕನ್ನು ಅಗ್ಗದ ಉದ್ದ ಕೇಬಲ್‌ಗೆ ಸಿಕ್ಕಿಸಿದರೆ, ಅದು ಸುಮ್ಮನೆ ಹಳೆಯ ಯುಎಸ್‌ಬಿ 2ಕ್ಕೆ, ಅಂದರೆ 48 ಕೋಟಿ ಬಿಟ್‌ಗೆ ಇಳಿದುಬಿಡುತ್ತದೆ. ಹತ್ತು ನಿಮಿಷದ ಕಾಪಿ ತಾಸುಗಟ್ಟಲೆ. ಡಿಸ್ಕ್ ಕೆಟ್ಟಿಲ್ಲ. ಕೇಬಲ್ಲಿನ ಆಚೆ ತುದಿಗೆ ‘ಮಾತು’ ಮುಟ್ಟುತ್ತಿಲ್ಲ, ಅಷ್ಟೆ.

500 ಕೋಟಿ ಬಿಟ್ ಎಂದರೆ ಒಂದೊಂದು ಬಿಟ್‌ಗೆ ಸಿಗುವ ಸಮಯ 200 ಪಿಕೊಸೆಕೆಂಡ್. ಸರ್ಕಿಟ್ ಬೋರ್ಡಿನ ತಾಮ್ರದ ಗೆರೆಯ ಮೇಲೆ ಅದು ಹರಡಿಕೊಳ್ಳುವ ಉದ್ದ ಸುಮಾರು 3 ಸೆಂ.ಮೀ. ಸೊನ್ನೆ, ಒಂದು, ಸೊನ್ನೆ, ಒಂದು ಎಂದು ಬಿಟ್‌ಗಳು ಬದಲಾಗುತ್ತಲೇ ಇದ್ದರೆ ತಂತಿಯಲ್ಲಿ ಸೆಕೆಂಡಿಗೆ 250 ಕೋಟಿ ಸಲ ಏರಿಳಿಯುವ ಅಲೆ ಓಡುತ್ತದೆ. ಅಂಥ ಅಲೆ ತಾಮ್ರದ ಒಳಗೆ ಇಳಿಯುವುದೇ ಇಲ್ಲ. ಮನೆಯ 50 ಹರ್ಟ್ಸ್ ಕರೆಂಟ್ ತಾಮ್ರದಲ್ಲಿ ಸುಮಾರು 9 ಮಿಲಿಮೀಟರ್ ಆಳದವರೆಗೂ ಹರಡಬಲ್ಲದು. ಈ ಅಲೆಗೆ ದಕ್ಕುವುದು ಮೇಲಿನ ಒಂದೂಕಾಲು ಮೈಕ್ರಾನ್ ಚಿಲ್ಲರೆ ಮಾತ್ರ. ತಲೆಗೂದಲೊಂದರ ದಪ್ಪ ಇದರ ಹತ್ತಾರು ಪಟ್ಟು. ಇಷ್ಟು ಇಕ್ಕಟ್ಟಿನಲ್ಲಿ ಸಾಗುವಾಗ ಸಿಗ್ನಲ್ ಬಿಸಿಯಾಗಿ ಸೋರಿಹೋಗುತ್ತದೆ, ಉಳಿದದ್ದರಲ್ಲಿ ಬೋರ್ಡಿನ ಪ್ಲಾಸ್ಟಿಕ್ಕೂ ಪಾಲು ಕೇಳುತ್ತದೆ. ಸಾಲಾಗಿ ನಾಲ್ಕೈದು ‘ಒಂದು’ ಬಂದಾಗ ಅಲೆ ನಿಧಾನವಾಗಿರುವುದರಿಂದ ಅದು ಗಟ್ಟಿಯಾಗಿಯೇ ತಲುಪುತ್ತದೆ. ಅದರ ಬಾಲ ಹಿಂದಿನಿಂದ ಬರುವ ಒಂಟಿ ‘ಸೊನ್ನೆ’ಯ ಮೇಲೆ ಬಿದ್ದು, ಬಡಪಾಯಿ ಸೊನ್ನೆ ಗುರುತೇ ಸಿಗದಂತಾಗುತ್ತದೆ.

ಜೋರು ಮಾಡಿದರೆ ಸಾಕೆಂಬ ಭ್ರಮೆಗೆ ಹಳೆಯ ಚರಿತ್ರೆಯಿದೆ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ಟೆಲಿಗ್ರಾಫ್ ಕೇಬಲ್ ಹಾಸಿದಾಗ ರಾಣಿ ವಿಕ್ಟೋರಿಯಾಳ 98 ಪದಗಳ ಸಂದೇಶ ದಾಟಲು 16 ತಾಸು ಹಿಡಿಯಿತು. ಚುಕ್ಕೆ, ಗೆರೆಗಳು ಒಂದರ ಮೇಲೊಂದು ಚೆಲ್ಲಿಕೊಳ್ಳುತ್ತಿದ್ದವು. ಕೇಬಲ್ ಹಾಸಿದ ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಸುಮಾರು 2000 ವೋಲ್ಟ್ ನುಗ್ಗಿಸಿದ. ವಾರಗಳಲ್ಲೇ ಕೇಬಲ್ ಸತ್ತಿತು. ಉದ್ದದ ತಂತಿಯಲ್ಲಿ ಸಿಗ್ನಲ್ ಯಾಕೆ ಚೆಲ್ಲುತ್ತದೆ ಎಂದು ಲೆಕ್ಕ ಹಾಕಿ ಮೊದಲೇ ಎಚ್ಚರಿಸಿದ್ದವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು.

ಇಂದಿನ ಬೋರ್ಡುಗಳಲ್ಲಿ ಆ ಟ್ರೆಬಲ್ ಗುಂಡಿಯ ಕೆಲಸ ಮಾಡುವುದು ರಿಡ್ರೈವರ್ ಎಂಬ ಕಡಲೆಕಾಳಿನಷ್ಟು ಚಿಪ್. ದಾರಿಯ ನಡುವೆ ಕೂತು, ಸಿಗ್ನಲ್‌ನ ವೇಗದ ಭಾಗವನ್ನು ಹೆಚ್ಚಾಗಿ, ನಿಧಾನದ ಭಾಗವನ್ನು ಕಡಿಮೆಯಾಗಿ ಎತ್ತಿ ಮುಂದೆ ಕಳಿಸುತ್ತದೆ. ನಮ್ಮ ಕಡೆಯ ಏತ ನೀರಾವರಿ ಕಂಡವರಿಗೆ ಇದರ ಮಿತಿಯೂ ಹೊಳೆಯುತ್ತದೆ. ಆಲಮಟ್ಟಿ ಹಿನ್ನೀರನ್ನು ಎತ್ತರದ ನೆಲಕ್ಕೆ ಹತ್ತಿಸುವ ಪಂಪು ನೀರಿನ ಜೊತೆ ರಾಡಿಯನ್ನೂ ಎತ್ತುತ್ತದೆ. ರಿಡ್ರೈವರ್ ಕೂಡ ಸಿಗ್ನಲ್ ಜೊತೆಗಿನ ಗದ್ದಲವನ್ನು ಎತ್ತುತ್ತದೆ. ಒಂದೊಂದು ಬಿಟ್ಟನ್ನೂ ಓದಿ, ಸೊನ್ನೆಯೋ ಒಂದೋ ಎಂದು ತೀರ್ಮಾನಿಸಿ, ಹೊಸದಾಗಿ ಬರೆದು ಕಳಿಸುವ ಚಿಪ್ ಬೇರೆಯದೇ. ಅದರ ಹೆಸರು ರಿಟೈಮರ್. ದುಬಾರಿ, ಕರೆಂಟೂ ಹೆಚ್ಚು ಬೇಕು.

ಸರಿ, ಟ್ರೆಬಲ್ ಎಷ್ಟು? ಒಂದು ಬೋರ್ಡಿನಲ್ಲಿ ಗೆರೆ 10 ಸೆಂ.ಮೀ., ಇನ್ನೊಂದರಲ್ಲಿ 40. ಎರಡಕ್ಕೂ ಒಂದೇ ಲೆಕ್ಕ ಒಗ್ಗದು. ಅದಕ್ಕೇ ಟ್ರೆಬಲ್ ಎಷ್ಟೆಂದು ಬರೆದಿಡಲು ಚಿಪ್ಪಿನೊಳಗೆ ರಿಜಿಸ್ಟರ್‌ಗಳೆಂಬ ಪುಟ್ಟ ಖಾನೆಗಳಿವೆ, ಒಂದೊಂದರಲ್ಲೂ ಎಂಟು ಬಿಟ್. ಯಾವ ಖಾನೆಗೆ ಏನು ಕೆಲಸ ಎಂಬ ಪಟ್ಟಿ ಚಿಪ್ಪಿನ ಡೇಟಾಶೀಟ್‌ನಲ್ಲಿರುತ್ತದೆ. 1985ರಲ್ಲೇ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಂಥ ಚಿಪ್‌ಗಳನ್ನು ಮಾರುವ ಕಂಪನಿಗಳಲ್ಲೊಂದು. ಅದರ ಡೇಟಾಶೀಟುಗಳಲ್ಲಿ ಈ ಪಟ್ಟಿಯೇ ಪುಟಗಟ್ಟಲೆ.

ಖಾನೆಗೆ ಬರೆಯಲು ಎರಡು ತಂತಿ ಸಾಕು. ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಐ-ಸ್ಕ್ವೇರ್ಡ್-ಸಿ ಪದ್ಧತಿ ಇದು: ಒಂದು ತಂತಿ ತಾಳ ಹಾಕುತ್ತದೆ, ಇನ್ನೊಂದು ಮಾತಾಡುತ್ತದೆ. ಮೊದಲು ಚಿಪ್ಪಿನ ವಿಳಾಸ, ಆಮೇಲೆ ಖಾನೆಯ ಸಂಖ್ಯೆ, ಕೊನೆಗೆ ತುಂಬಬೇಕಾದ ಬೆಲೆ. ಪ್ರತಿ ಎಂಟು ಬಿಟ್ ಮುಗಿದಾಗಲೂ ಚಿಪ್ ‘ಹೂಂ’ ಎನ್ನುತ್ತದೆ. ಈ ಮಾತುಕತೆ ಎತ್ತಿನಗಾಡಿಯ ವೇಗದ್ದು. ಸೆಕೆಂಡಿಗೆ ಒಂದು ಲಕ್ಷ ತಾಳದಲ್ಲಿ ಒಂದು ಖಾನೆ ತುಂಬುವಷ್ಟರಲ್ಲಿ ಪಕ್ಕದ ವೇಗದ ದಾರಿಯಲ್ಲಿ 13 ಲಕ್ಷಕ್ಕೂ ಹೆಚ್ಚು ಬಿಟ್ ಹಾದುಹೋಗಿರುತ್ತವೆ!

ಹೊಸಬರು ಎಡವುವ ಜಾಗ ಒಂದಿದೆ. ಖಾನೆಯಲ್ಲಿ 10110010 ಇದೆ ಎನ್ನೋಣ. ಟ್ರೆಬಲ್ ಇರುವುದು ಬಲಗಡೆಯ ನಾಲ್ಕು ಬಿಟ್‌ನಲ್ಲಿ, ಈಗ 2. ಅದನ್ನು 5 ಮಾಡಬೇಕು. ನೇರ 00000101 ಎಂದು ಬರೆದರೆ ಎಡಗಡೆಯ ನಾಲ್ಕೂ ಅಳಿಸಿಹೋಗುತ್ತವೆ, ಆ ದಾರಿಯನ್ನು ಚಾಲೂ ಇಟ್ಟಿದ್ದ ಬಿಟ್ಟೂ ಅದರಲ್ಲೇ ಇದ್ದೀತು. ಮೊದಲು ಓದಿಕೊಂಡು, ಬಲದ ನಾಲ್ಕನ್ನಷ್ಟೇ ಬದಲಿಸಿ, 10110101 ಎಂದು ಬರೆಯಬೇಕು. ಒಂದೇ ಮನೆಗೆ ಸುಣ್ಣ ಹೊಡೆಯಲು ಹೋಗಿ ಓಣಿಯ ಬಾಗಿಲುಗಳನ್ನೆಲ್ಲ ಮುಚ್ಚಿದಂತಾಗಬಾರದು.

ಸರಿಯಾದ ಬೆಲೆ ಪುಸ್ತಕದಲ್ಲಿ ಸಿಗುವುದಿಲ್ಲ. ಎಂಜಿನಿಯರ್‌ಗಳು ಅಲೆಯನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಪರದೆಯಲ್ಲಿ ಲಕ್ಷಗಟ್ಟಲೆ ಬಿಟ್‌ಗಳನ್ನು ಒಂದರ ಮೇಲೊಂದು ಬರೆಸುತ್ತಾರೆ. ಗೆರೆಗಳ ನಡುವೆ ಕಣ್ಣಿನ ಆಕಾರದ ಖಾಲಿ ಜಾಗ ಮೂಡುತ್ತದೆ. ಅದನ್ನು ಕಣ್ಣು ಎಂದೇ ಕರೆಯುತ್ತಾರೆ, ಅದು ತೆರೆದಷ್ಟೂ ಸೊನ್ನೆ, ಒಂದುಗಳ ಗುರುತು ಸಲೀಸು. ಟ್ರೆಬಲ್ 0 ಇಟ್ಟರೆ ಕಣ್ಣು ಮುಚ್ಚಿರುತ್ತದೆ. 3, 4, 5ಕ್ಕೆ ರೆಪ್ಪೆ ಬಿಡಿಸಿಕೊಳ್ಳುತ್ತದೆ. ಏರಿಸುತ್ತ 12ಕ್ಕೆ ಹೋದರೆ ಅಂಚುಗಳು ಕುಣಿದು, ಗದ್ದಲ ಉಬ್ಬಿ ಮತ್ತೆ ಮುಚ್ಚುತ್ತದೆ, ಮೈಕ್‌ನಲ್ಲಿ ಟ್ರೆಬಲ್ ಜಾಸ್ತಿಯಾಗಿ ಕಿವಿ ಕೀಸಿದ ಹಾಗೆ. ಯುಎಸ್‌ಬಿ 3ರ ನಿಯಮ ಒಪ್ಪುವುದು ಲಕ್ಷ ಕೋಟಿ ಬಿಟ್‌ಗೆ ಒಂದು ತಪ್ಪನ್ನು. ಭಾರೀ ಕಟ್ಟುನಿಟ್ಟೆಂದು ತಿಳಿಯಬೇಡಿ, ಈ ವೇಗದಲ್ಲಿ ಅದು ಮೂರು ನಿಮಿಷ ಚಿಲ್ಲರೆಗೆ ಒಂದು.

ಇಷ್ಟೆಲ್ಲ ತಿಣುಕಿ ಹುಡುಕಿದ ಬೆಲೆ ರಿಜಿಸ್ಟರ್‌ನಲ್ಲಿ ಉಳಿಯುವುದು ಕರೆಂಟ್ ಇರುವತನಕ ಮಾತ್ರ. ಕರೆಂಟ್ ಹೋತು ಅಂದರೆ ಚಿಪ್ಪಿಗೆ ಎಲ್ಲ ಮರೆತುಹೋಯಿತು. ಅದಕ್ಕೇ ಪಕ್ಕದಲ್ಲಿ ಕರೆಂಟ್ ಇಲ್ಲದೆಯೂ ನೆನಪಿಡುವ ಸಣ್ಣ ಮೆಮೊರಿ ಚಿಪ್ಪನ್ನೋ ಮೈಕ್ರೊಕಂಟ್ರೋಲರನ್ನೋ ಕೂರಿಸಿರುತ್ತಾರೆ. ಬೇಸಿಗೆಯ ಮಧ್ಯಾಹ್ನ ನಿಡಗುಂದಿಯಲ್ಲಿ ನಾಲ್ಕು ಸಲ ಕರೆಂಟ್ ಹೋಗಿ ಬಂದರೆ ಆ ಪಕ್ಕದ ಚಿಪ್ ನಾಲ್ಕು ಸಲವೂ ಅದೇ ವಿಳಾಸ, ಅದೇ ಖಾನೆ, ಅದೇ 5 ಎಂದು ಮೊದಲಿನಿಂದ ಹೇಳಿಕೊಡುತ್ತದೆ.