ಮುಯ್ಯಾಳು ಹಾಕಿದ ಸ್ಲ್ಯಾಬು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಕ್ಕಲುತನದ ಮನೆಗಳಿಗೆ ಮುಯ್ಯಾಳು ಎಂಬ ಮಾತು ಹೊಸದಲ್ಲ. ಇಂದು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯ ಹಣದ ಮಾತಿಲ್ಲ, ದುಡಿದ ದಿನಕ್ಕೆ ದಿನವೇ ಪ್ರತಿಫಲ. ಟ್ರ್ಯಾಕ್ಟರು, ರಾಶಿಯ ಯಂತ್ರಗಳು ಮನೆಬಾಗಿಲಿಗೆ ಬಂದ ಮೇಲೆ ಹೊಲದಲ್ಲಿ ಈ ಪದ್ಧತಿ ಕ್ಷೀಣಿಸಿತು. ಆದರೆ ಅದು ಅಳಿದಿಲ್ಲ. 2022ರ ಬೇಸಿಗೆಯಲ್ಲಿ ಘಟಪ್ರಭೆಯ ದಂಡೆಯ ಒಂದು ಊರಿನಲ್ಲಿ, ಅರ್ಧ ಕಟ್ಟಿದ ಮನೆಯ ಮೇಲೆ, ಕಾಲೇಜು ಓದುವ ಹುಡುಗರ ಕೈಯಲ್ಲಿ ಅದನ್ನು ಕಾಣುವ ಯೋಗ ನನ್ನದಾಯಿತು.

ಆ ಮನೆಯ ಹಿನ್ನೆಲೆಯನ್ನು ಮೊದಲು ಅರಿಯಬೇಕು. 2019ರ ಆಗಸ್ಟ್ ತಿಂಗಳಿನಲ್ಲಿ ಸುರಿದ ಮಳೆಗೆ ಹಿಡಕಲ್ ಜಲಾಶಯ ತುಂಬಿತು. ಮೇಲಿನಿಂದ ಹಿರಣ್ಯಕೇಶಿ, ಗೋಕಾಕದ ಬಳಿಯಲ್ಲಿ ಮಾರ್ಕಂಡೇಯ, ಎಲ್ಲವೂ ಒಮ್ಮೆಗೇ ಉಕ್ಕಿ ಘಟಪ್ರಭೆಯನ್ನು ಸೇರಿದವು. ಲೋಳಸೂರ ಸೇತುವೆ ಮುಳುಗಿತು. ಗೋಕಾಕ ಪಟ್ಟಣದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು. ಕೆಳಗಿನ ಮೂಡಲಗಿ ತಾಲೂಕಿನ ದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಯ ಮನೆಗಳು ನೆನೆದು ಕುಸಿದವು. ನನ್ನ ತಂಗಿಯ ಮನೆಯೂ ಅವುಗಳಲ್ಲೊಂದು. ಸಂಪೂರ್ಣ ಬಿದ್ದ ಮನೆಗಳಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ಹಣ ಒಮ್ಮೆಗೇ ಬರತಕ್ಕದ್ದಲ್ಲ. ತಳಪಾಯ, ಗೋಡೆ, ಚಾವಣಿ ಎಂದು ಕೆಲಸ ಏರಿದಂತೆ ಕಂತು ಕಂತಾಗಿ ಬರತಕ್ಕದ್ದು. ಅಂದರೆ ಮುಂದಿನ ಹಂತವನ್ನು ಏರಿಸಲು ಮನೆಯವರ ಕೈಯಲ್ಲಿ ಮೊದಲೇ ಒಂದಿಷ್ಟು ದುಡ್ಡಿರಬೇಕು. ಅದಿಲ್ಲದವರ ಗೋಡೆಗಳು ಚಾವಣಿ ಕಾಣದೆ ನಿಂತವು. ನಡುವೆ 2020ರ ಲಾಕ್‌ಡೌನ್ ಬಂತು, 2021ರ ಜುಲೈನಲ್ಲಿ ಮತ್ತೊಮ್ಮೆ ಹೊಳೆ ಬಂತು. ತಂಗಿಯ ಕುಟುಂಬ, ಎಂಬತ್ತು ದಾಟಿದ ಅವಳ ಅತ್ತೆಯವರ ಸಮೇತ, ಮೂರು ಮಳೆಗಾಲಗಳನ್ನು ತಗಡಿನ ಶೆಡ್ಡಿನಲ್ಲಿ ಕಳೆಯಿತು. ನಾಲ್ಕನೆಯ ಮಳೆಗಾಲವನ್ನೂ ಅಲ್ಲಿಯೇ ಕಳೆಯುವ ಧೈರ್ಯ ಯಾರಿಗೂ ಉಳಿದಿರಲಿಲ್ಲ.

ಸಿಮೆಂಟು, ಖಡಿ, ಕಬ್ಬಿಣಕ್ಕೆ ಹೇಗೋ ಹಣ ಹೊಂದಿತು. ಆಳಿನ ಖರ್ಚು ಮಾತ್ರ ಹೊಂದಲಿಲ್ಲ. ಆಗ ಗೋಕಾಕದಲ್ಲಿ ಪದವಿ ಓದುತ್ತಿದ್ದ ಸೋದರಳಿಯ ತನ್ನ ನಾಲ್ವರು ಗೆಳೆಯರನ್ನು ಕರೆತಂದ. ಒಬ್ಬ ಗೋಕಾಕದವನು, ಒಬ್ಬ ಹುಕ್ಕೇರಿಯ ಕಡೆಯವನು, ಉಳಿದಿಬ್ಬರು ಮೂಡಲಗಿಯವರು. ಬಸವ ಜಯಂತಿ ಮುಗಿದ ಬಳಿಕದ ರವಿವಾರ ಸ್ಲ್ಯಾಬಿನ ದಿನವೆಂದು ನಿಶ್ಚಯವಾಯಿತು.

ಸ್ಲ್ಯಾಬು ಹಾಕುವ ಕೆಲಸಕ್ಕೆ ಇತರ ಕೆಲಸಗಳಿಗಿಲ್ಲದ ಒಂದು ಕಟ್ಟಳೆಯುಂಟು. ಗೋಡೆಯನ್ನು ಇಂದು ನಾಲ್ಕು ವರಸೆ, ನಾಳೆ ನಾಲ್ಕು ವರಸೆ ಎಂದು ಏರಿಸಬಹುದು. ಸ್ಲ್ಯಾಬನ್ನು ಒಮ್ಮೆ ಆರಂಭಿಸಿದರೆ ಮುಗಿಸಿಯೇ ಇಳಿಯಬೇಕು. ನಡುವೆ ನಿಲ್ಲಿಸಿದರೆ ಹಳೆಯ ಕಾಂಕ್ರೀಟು ಬಿಗಿದುಕೊಳ್ಳುತ್ತದೆ, ಹೊಸದು ಅದಕ್ಕೆ ಬೆಸೆಯುವುದಿಲ್ಲ. ಆ ಸಂದಿನಿಂದಲೇ ಮುಂದೆ ಮಳೆನೀರು ಒಳಗಿಳಿಯುತ್ತದೆ. ಆದ್ದರಿಂದಲೇ ಆ ಒಂದು ದಿನಕ್ಕೆ ಬೇಕಾಗುವಷ್ಟು ಕೈಗಳು ಮನೆ ಕಟ್ಟುವ ಬೇರೆ ಯಾವ ದಿನಕ್ಕೂ ಬೇಕಾಗುವುದಿಲ್ಲ.

ಲೆಕ್ಕವನ್ನೇ ನೋಡೋಣ. ಮನೆ 600 ಚದರಡಿಯದು, ಸ್ಲ್ಯಾಬಿನ ದಪ್ಪ ಐದು ಇಂಚು. ಒಟ್ಟು 250 ಘನ ಅಡಿ ಕಾಂಕ್ರೀಟು. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿ ಎಂಬ ಪ್ರಮಾಣದಲ್ಲಿ 57 ಚೀಲದಷ್ಟು ಸಿಮೆಂಟು, ಒಂದು ಬ್ರಾಸಿಗೆ ಮೇಲ್ಪಟ್ಟು ಉಸುಕು, ಎರಡು ಬ್ರಾಸಿಗೆ ಮೇಲ್ಪಟ್ಟು ಖಡಿ. ಎಲ್ಲವೂ ಸೇರಿ ಸುಮಾರು 17 ಟನ್ ಭಾರ. ಒಂದು ಬುಟ್ಟಿಗೆ 14 ಕಿಲೋ ಎಂದು ಹಿಡಿದರೂ ಸಾವಿರದ ಇನ್ನೂರಕ್ಕೂ ಹೆಚ್ಚು ಬುಟ್ಟಿಗಳು ನೆಲದಿಂದ ಚಾವಣಿಗೆ ಏರಬೇಕು. ಈ ಸಂಖ್ಯೆಯನ್ನು ಹುಡುಗರಿಗೆ ಮೊದಲೇ ಯಾರೂ ಹೇಳಿರಲಿಲ್ಲ. ಹೇಳದಿದ್ದುದೇ ಒಳ್ಳೆಯದಾಯಿತು.

ಬೆಳಗಿನ ಆರು ಗಂಟೆಗೆ ಮಿಕ್ಸರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಕೆಲಸ ಆರಂಭವಾಯಿತು. ಗವಂಡಿಯವರ ತಂಡದ ಒಂಬತ್ತು ಮಂದಿ, ಈ ಐವರು ಗೆಳೆಯರು, ಓಣಿಯ ಐದಾರು ಜನ. ಮೊದಲ ಒಂದು ತಾಸು ಉತ್ಸಾಹವೇ ಉತ್ಸಾಹ. ಒಬ್ಬೊಬ್ಬನೂ ಎರಡೆರಡು ಬುಟ್ಟಿ ಹೊರುವ ಹುರುಪು. ತಂಡದಲ್ಲಿದ್ದ ಹಿರಿಯ ಹೆಣ್ಣುಮಗಳೊಬ್ಬಳು ಇದನ್ನು ಸುಮ್ಮನೆ ನೋಡುತ್ತಿದ್ದವಳು, ಕೊನೆಗೆ, "ಏ ತಮ್ಮಾ, ಹಿಂಗ ಓಡಿದ್ರ ಹತ್ತಕ್ಕ ಕುಂಡರ್ತಿ. ಸಿಂಬಿ ಕಟ್ಟಿಕೋ, ಸಾವಕಾಶ ನಡಿ" ಎಂದಳು. ಹಳೆಯ ಬಟ್ಟೆಯನ್ನು ಸುರುಳಿ ಸುತ್ತಿ ತಲೆಯ ಮೇಲೆ ಸಿಂಬಿ ಇಡುವುದನ್ನು ಆಕೆಯೇ ಕಲಿಸಿದಳು. ಭಾರ ತಲೆಯ ನಡುವಿಗೆ ಬರಬೇಕು, ಕತ್ತು ನೆಟ್ಟಗಿರಬೇಕು, ಏಣಿಯ ಮೇಲೆ ಉಸಿರು ಬಿಗಿಹಿಡಿಯಬಾರದು. ಹತ್ತು ಗಂಟೆಯ ಹೊತ್ತಿಗೆ ಐವರೂ ಆಕೆಯ ನಡಿಗೆಯ ಲಯಕ್ಕೆ ಬಂದಿದ್ದರು. ಇವರಿಗೆ ಒಂದು ದಿನದ ಕೆಲಸ ಅದು, ಆಕೆಗೆ ವರ್ಷಪೂರ್ತಿಯದು. ಮನೆಗೆ ಹೋಗಿ ಮತ್ತೆ ಒಲೆ ಹಚ್ಚುವುದು ಬೇರೆ.

ಬಿಸಿಲು ಏರಿದಂತೆ ಹುಕ್ಕೇರಿಯ ಹುಡುಗ ಮಿಕ್ಸರಿಗೆ ಒಂದು ಕೊಡ ನೀರು ಹೆಚ್ಚಿಗೆ ಸುರಿಯಲು ಮುಂದಾದ. ತೆಳುವಾದರೆ ಸಲಿಕೆಗೆ ಸಲೀಸು, ಎತ್ತುವುದಕ್ಕೂ ಸಲೀಸು. ಗವಂಡಿಯವರು ಕೈ ಹಿಡಿದು ತಡೆದರು. ಚೀಲಕ್ಕೆ 25 ಲೀಟರಿನ ಆಸುಪಾಸಿನಲ್ಲಿ ನೀರು ನಿಲ್ಲಬೇಕು. ಹೆಚ್ಚಾದ ನೀರು ಆರಿಹೋದ ಮೇಲೆ ಅದಿದ್ದ ಜಾಗ ಬರಿದಾಗಿ ಉಳಿಯುತ್ತದೆ, ಆ ಬರಿದು ಜಾಗವೇ ಸ್ಲ್ಯಾಬಿನ ಬಲವನ್ನು ತಿನ್ನುತ್ತದೆ. "ಇವತ್ತಿನ ತ್ರಾಸು ಇವತ್ತಿಗ ಮುಗೀತದ ಪಾ, ಸೋರೂ ಚತ್ತು ಮುಗಿಯಂಗಿಲ್ಲ" ಎಂದರು ಅವರು. ಇಂಜಿನಿಯರಿಂಗ್ ಪುಸ್ತಕ ಅವರು ಓದಿದವರಲ್ಲ.

ಹನ್ನೆರಡರ ಬಿಸಿಲಿನಲ್ಲಿಯೂ ಕೆಲಸ ನಿಲ್ಲುವಂತಿರಲಿಲ್ಲವಾದ್ದರಿಂದ ಊಟ ಸರದಿಯ ಮೇಲೆ ನಡೆಯಿತು. ನಾಲ್ವರು ಉಣ್ಣುವಾಗ ಉಳಿದವರು ಹೊರುವುದು. ಓಣಿಯ ಹೆಣ್ಣುಮಕ್ಕಳು ತಟ್ಟಿ ತಂದ ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಅರ್ಧ ತಾಸಿಗೊಮ್ಮೆ ಉಪ್ಪು ಹಾಕಿದ ಮಜ್ಜಿಗೆಯ ತಂಬಿಗೆ ಚಾವಣಿಯನ್ನು ಸುತ್ತುತ್ತಿತ್ತು. ಸಂಬಂಧಿಕರೊಬ್ಬರು ನೆರಳಿನಲ್ಲಿ ಕುಳಿತು, "ಡಿಗ್ರಿ ಓದೂ ಹುಡುಗ್ರು ಬುಟ್ಟಿ ಹೊರೂದು ಚಂದ ಕಾಣೂದಿಲ್ಲ. ನಾಳೆ ಕನ್ಯಾ ನೋಡಾಕ ಹೋದ್ರ ಏನ ಹೇಳ್ತೀರಿ?" ಎಂದರು. ತಂಗಿಯ ಅತ್ತೆಯವರು ರೊಟ್ಟಿಯ ಬುಟ್ಟಿಯಿಂದ ತಲೆಯೆತ್ತದೆ, "ಮನಿ ಕಟ್ಟಾಕ ಬಂದಿದ್ರು ಅಂತ ಹೇಳ್ತೇವಿ" ಎಂದರು. ಮಾತು ಅಲ್ಲಿಗೆ ನಿಂತಿತು.

ಆದರೆ ಆ ಸಂಬಂಧಿಕರ ಮಾತು ನಮ್ಮ ಎಷ್ಟೋ ಮನೆತನಗಳಲ್ಲಿ ಕೇಳಿಬರುವಂಥದೇ. ಕಾಯಕದ ಹೆಸರನ್ನು ಜಯಂತಿಯ ವೇದಿಕೆಯ ಮೇಲೆ ಹೇಳುವವರೇ ಮಗ ಗುದ್ದಲಿ ಹಿಡಿದರೆ ಮುಖ ಬಾಡಿಸಿಕೊಳ್ಳುತ್ತಾರೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದವರು. ಆ ಕೆರೆ ಸೊಲ್ಲಾಪುರದ ನಡುವೆ ಇಂದಿಗೂ ಇದೆ. ಕಲ್ಲು ಒಡೆಯುವ, ಮಣ್ಣು ಹೊರುವ ವೃತ್ತಿಯಿಂದ ಬಂದ ಭೋವಿ ಸಮಾಜದವರು ಅವರನ್ನು ತಮ್ಮ ಗುರುವೆಂದು ಆರಾಧಿಸುವುದು ಸುಮ್ಮನೆ ಅಲ್ಲ. ನಮ್ಮ ಸೀಮೆಯ ನೀರಾವರಿಗೆ ಆದಿಯಾದ ಧೂಪದಾಳದ ಒಡ್ಡು 1897ರಿಂದ ನಿಂತಿದೆ. ಅದರ ಕಲ್ಲು ಹೊತ್ತವರ ಹೆಸರುಗಳು ಯಾರಿಗೂ ತಿಳಿಯವು, ಕಬ್ಬಿಗೆ ಹರಿಯುವ ನೀರು ಮಾತ್ರ ಎಲ್ಲರಿಗೂ ಗೊತ್ತು.

ಮಧ್ಯಾಹ್ನ ಎರಡೂವರೆಗೆ ಕೊನೆಯ ಬುಟ್ಟಿ ಏರಿತು. ಹುಡುಗರ ಅಂಗೈ ನೋಡಬೇಕಿತ್ತು. ಹಸಿ ಸಿಮೆಂಟು ಸುಣ್ಣದಂತೆ ಚರ್ಮವನ್ನು ಸುಡುತ್ತದೆ. ರಬ್ಬರಿನ ಕೈಗವಸು, ಮುಚ್ಚಿದ ಬೂಟು ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಇಳಿಸಬಾರದು, ತಗಲಿದೊಡನೆ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಮಕ್ಕಳನ್ನು ರಜೆಯಲ್ಲಿ ಇಂತಹ ಕೆಲಸಕ್ಕೆ ಕಳಿಸುವ ತಂದೆತಾಯಿಗಳಿಗೆ ಇನ್ನೂ ಒಂದು ಮಾತು. ಹದಿನೆಂಟು ತುಂಬದವರಿಗೆ ಇದು ತಕ್ಕ ಕೆಲಸವಲ್ಲ. ಹದಿನೆಂಟು ತುಂಬಿ, ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಅರ್ಹರು. ಅಪಘಾತವಾದಾಗ ಆ ಕಾರ್ಡಿನ ಬೆಲೆ ತಿಳಿಯುತ್ತದೆ. ಒಂದು ದಿನ ಬಂದುಹೋಗುವ ವಿದ್ಯಾರ್ಥಿಗೆ ಅದು ಸಿಗಲಾರದು. ಆದರೆ ಸಿಂಬಿ ಕಲಿಸಿದ ಆ ಹೆಣ್ಣುಮಗಳ ಬಳಿಯೂ ಕಾರ್ಡು ಇರಲಿಲ್ಲ. ಮರುವಾರ ಗೋಕಾಕದ ಹುಡುಗ ಆಕೆಯ ಅರ್ಜಿ ತುಂಬಿಕೊಟ್ಟ. ಅದು ಆ ದಿನದ ಲೆಕ್ಕಕ್ಕೆ ಸೇರಿದ್ದೇ ಎಂದು ನಾನು ತಿಳಿಯುತ್ತೇನೆ.

ಸ್ಲ್ಯಾಬು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮರುದಿನ ಅದರ ಮೇಲೆ ಸಣ್ಣ ಬದು ಕಟ್ಟಿ, ಮಡಿಗಳನ್ನು ಮಾಡಿ ನೀರು ನಿಲ್ಲಿಸಿದರು, ಥೇಟು ಭತ್ತದ ಗದ್ದೆಯಂತೆ. ಎರಡು ವಾರ ಸೋದರಳಿಯ ಬೆಳಿಗ್ಗೆ ಸಂಜೆ ನೀರು ಹೊತ್ತ. ಮೇ ಮೂರನೆಯ ವಾರದ ಅಕಾಲ ಮಳೆ ಅವನ ಕೆಲಸವನ್ನು ಕೆಲವು ದಿನ ತಾನೇ ಮಾಡಿತು. ಜೂನ್ ಮೊದಲ ವಾರ ಸೆಂಟ್ರಿಂಗ್ ಬಿಚ್ಚಿದರು. ಬಾಗಿಲಿಗೆ ಇನ್ನೂ ಕದವಿರಲಿಲ್ಲ, ಗಿಲಾವು ಆಗಿರಲಿಲ್ಲ. ಆದರೂ ತಂಗಿಯ ಅತ್ತೆಯವರು ತಮ್ಮ ಹಾಸಿಗೆಯನ್ನು ಅಂದೇ ಒಳಗೆ ಹಾಕಿಸಿಕೊಂಡರು.

ಮುಯ್ಯಿಯ ದಿನಗಳನ್ನು ಭಾವನವರು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದರು. ಹುಕ್ಕೇರಿಯವನ ದಿನ ಆ ದೀಪಾವಳಿಯ ನಂತರ ಅವರ ದನದ ಕೊಟ್ಟಿಗೆಯ ತಳಪಾಯಕ್ಕೆ ತೀರಿತು. ಗೋಕಾಕದವನದು ಅವನ ಅಕ್ಕನ ಮದುವೆಯ ಪಂಕ್ತಿಯಲ್ಲಿ ಬಡಿಸಿ ತೀರಿತು. ಮೂಡಲಗಿಯ ಒಬ್ಬನ ಮನೆಗೆ ಅರಿಷಿಣದ ಕೆಲಸಕ್ಕೆ ಹೋಗಿಬಂದರು. ಇನ್ನೊಬ್ಬ ಪುಣೆಯಲ್ಲಿ ನೌಕರಿ ಹಿಡಿದಿದ್ದಾನೆ. ಅವನ ಹೆಸರಿನ ಮುಂದೆ ಒಂದು ದಿನ ಇನ್ನೂ ಬಾಕಿ ಇದೆ.