ಹಾಲು ಕುಡಿದರೆ ಹೊಟ್ಟೆ ಉಬ್ಬರ, ಮೊಸರನ್ನಕ್ಕೆ ಏನೂ ಆಗಲ್ಲ: ಯಾಕೆ?

ನೀವು ದೆಹಲಿಯ ಒಂದು ಪಿಜಿಯಲ್ಲಿದ್ದೀರಿ ಅಂದ್ಕೊಳ್ಳಿ. ಪಂಜಾಬಿ ರೂಮ್‌ಮೇಟ್ ರಾತ್ರಿ ಅರ್ಧ ಲೀಟರ್ ಹಾಲು ಕುಡಿದು ಆರಾಮಾಗಿ ಮಲಗ್ತಾನೆ. ನೀವೂ ಅಷ್ಟೇ ಕುಡಿದರೆ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬರ, ಗುಡುಗುಡು, ಆಮೇಲೆ ಬಾತ್‌ರೂಮಿಗೆ ಓಟ. 'ನಂಗೆ ಅಸಿಡಿಟಿ' ಅಂತ ಮಾತ್ರೆ ನುಂಗ್ತೀರಿ. ಅದರಿಂದ ಏನೂ ಉಪಯೋಗ ಇಲ್ಲ. ಇಲ್ಲಿ ಕಡಿಮೆ ಬಿದ್ದಿರೋದು ಒಂದು ಕಿಣ್ವ, ಅಂದ್ರೆ ಎನ್‌ಜೈಮ್. ಅದರ ಹೆಸರು ಲ್ಯಾಕ್ಟೇಸ್.

ಹಾಲಿನ ಸಕ್ಕರೆ ಲ್ಯಾಕ್ಟೋಸ್. ಅದರಲ್ಲಿ ಗ್ಲೂಕೋಸ್, ಗ್ಯಾಲಕ್ಟೋಸ್ ಅಂಟಿಕೊಂಡಿರುತ್ತವೆ. ಸಣ್ಣ ಕರುಳಿನ ಗೋಡೆಯಲ್ಲಿರುವ ಲ್ಯಾಕ್ಟೇಸ್ ಆ ಜೋಡಿಯನ್ನು ಬಿಡಿಸುತ್ತದೆ. ಕಿಣ್ವ ಅಂದರೆ ಮಡಚಿಕೊಂಡ ಪ್ರೋಟೀನ್. ಆ ಮಡಿಕೆಯಲ್ಲಿ ಒಂದು ಸಂದು ಇರುತ್ತೆ, ಅದರೊಳಗೆ ಸರಿಯಾದ ಅಣು ಮಾತ್ರ ಕೂರುತ್ತೆ. 1894ರಲ್ಲಿ ಎಮಿಲ್ ಫಿಶರ್ ಇದನ್ನು ಬೀಗ-ಕೀಲಿಗೆ ಹೋಲಿಸಿದರು. ಅಣು ಕೂತಾಗ ಕಿಣ್ವವೂ ತುಸು ಬಾಗಿ ಹೊಂದಿಕೊಳ್ಳುತ್ತೆ ಅಂತ 1958ರಲ್ಲಿ ಡೇನಿಯಲ್ ಕೋಶ್‌ಲಂಡ್ ಹೇಳಿದರು. ಕೆಲಸ ಮುಗಿದ ಮೇಲೆ ಕಿಣ್ವ ಸವೆಯಲ್ಲ, ಮುಂದಿನ ಅಣುವಿಗೆ ರೆಡಿ.

ಹಾಗಾದ್ರೆ ನಮಗೆ ಯಾಕೆ ಸಾಲಲ್ಲ? ಪ್ರಪಂಚದ ಹೆಚ್ಚಿನ ಜನರಲ್ಲಿ ಬಾಲ್ಯ ಕಳೆದಂತೆ ಲ್ಯಾಕ್ಟೇಸ್ ತಯಾರಿ ಇಳಿಯುತ್ತದೆ. ಕೆಲವರಲ್ಲಿ ಡಿಎನ್‌ಎಯ ಒಂದು ಸಣ್ಣ ಬದಲಾವಣೆಯಿಂದ ಅದು ದೊಡ್ಡವರಾದ ಮೇಲೂ ಮುಂದುವರಿಯುತ್ತದೆ. ಭಾರತದಲ್ಲಿ ಈ ಬದಲಾವಣೆ ವಾಯವ್ಯ ಭಾಗದವರಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದ ಹಾಗೆ ಕಡಿಮೆ. ಅಂದಮೇಲೆ ಇದು ರೋಗವೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಒಡೆಯದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಹೋಗಿ ನೀರು ಎಳೆಯುತ್ತೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ.

ಈಗ ಕಿಣ್ವದ ಕೆಲಸವನ್ನು ಏರಿಳಿಸುವ ಮೂರು ಸಂಗತಿ ನೋಡೋಣ.

ಒಂದು, ಪ್ರಮಾಣ. ಟೋಲ್‌ನಲ್ಲಿ ನಾಲ್ಕೇ ಬೂತ್ ಇದ್ದರೆ ನೂರು ಗಾಡಿ ಒಟ್ಟಿಗೆ ಬಂದಾಗ ಜಾಮ್. ಇಲ್ಲೂ ಹಾಗೇ. ಸಾಮಾನ್ಯವಾಗಿ ಒಂದು ಸಲಕ್ಕೆ ಸುಮಾರು 12 ಗ್ರಾಂ ಲ್ಯಾಕ್ಟೋಸ್, ಅಂದರೆ ಒಂದು ಲೋಟ ಹಾಲನ್ನು ಇಂಥವರಲ್ಲಿ ಬಹಳಷ್ಟು ಜನ ತಡೆದುಕೊಳ್ತಾರೆ. ಊಟದ ಜೊತೆ ಕುಡಿದರೆ ಹಾಲು ನಿಧಾನವಾಗಿ ಕರುಳಿಗಿಳಿಯುತ್ತೆ, ಇನ್ನೂ ಒಳ್ಳೇದು.

ಎರಡು, ಬಿಸಿ. ದೇಹದ ಬಿಸಿಯಲ್ಲಿ ಲ್ಯಾಕ್ಟೇಸ್ ಚುರುಕು. ಫ್ರಿಜ್ಜಿನ ತಂಪಿನಲ್ಲಿ ನಿಧಾನ, ಆದರೆ ಹಾಳಾಗಲ್ಲ. ಕುದಿಸಿದರೆ ಮಾತ್ರ ಮಡಿಕೆ ಬಿಚ್ಚಿಹೋಗುತ್ತೆ. ಬೆಂದ ಮೊಟ್ಟೆ ಮತ್ತೆ ಹಸಿ ಆಗುತ್ತಾ? ಹಾಗೇ ಇದೂ. ಅದಕ್ಕೇ ಲ್ಯಾಕ್ಟೇಸ್ ಡ್ರಾಪ್ಸನ್ನು ಕುದಿಯುವ ಹಾಲಿಗೆ ಹಾಕಿದರೆ ದುಡ್ಡು ದಂಡ.

ಮೂರು, ಹುಳಿ, ಅಂದರೆ ಪಿಎಚ್. ನಮ್ಮ ಕರುಳಿನ ಲ್ಯಾಕ್ಟೇಸ್‌ಗೆ ಪಿಎಚ್ 6ರ ಆಸುಪಾಸು ಬೇಕು, ಜಠರದ ಕಡು ಆಮ್ಲದಲ್ಲಿ ಅದು ನಡೆಯಲ್ಲ.

ಮೊಸರು ಗೆಲ್ಲೋದು ಇಲ್ಲೇ. ಹೆಪ್ಪಿನ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸನ್ನು ಮೊದಲೇ ತಿಂದಿರುತ್ತವೆ. ಜೊತೆಗೆ ತಮ್ಮದೇ ಕಿಣ್ವವನ್ನು ಮೈಯೊಳಗೆ ಇಟ್ಟುಕೊಂಡು ಜಠರ ದಾಟಿ ಕರುಳಿಗೆ ಬರುತ್ತವೆ. ಮಜ್ಜಿಗೆ ಹುಳಿ ಕುದಿಸಿದಾಗ ಈ ಎರಡನೇ ಲಾಭ ಹೋಗುತ್ತೆ.

ಹಾಗಾಗಿ ಹಾಲು ಪೂರ್ತಿ ಬಿಟ್ಟು ಕ್ಯಾಲ್ಸಿಯಂ ಕಳ್ಕೋಬೇಡಿ. ಫಿಲ್ಟರ್ ಕಾಫಿಯ ಹಾಲು ಇರಲಿ, ಮೊಸರು ಇರಲಿ, ಬೇಕಾದರೆ ಲ್ಯಾಕ್ಟೋಸ್-ಫ್ರೀ ಹಾಲು ತಗೊಳ್ಳಿ. ಅದರಲ್ಲಿ ಲ್ಯಾಕ್ಟೋಸ್ ಮೊದಲೇ ಒಡೆದಿರೋದರಿಂದ ಸ್ವಲ್ಪ ಸಿಹಿ ಜಾಸ್ತಿ, ಅಷ್ಟೇ. ಹಾಲಿನ ಅಲರ್ಜಿ ಬೇರೆ, ಅದು ಪ್ರೋಟೀನಿನ ಸಮಸ್ಯೆ, ಅದಕ್ಕೆ ಮೊಸರೂ ಆಗಲ್ಲ. ಮಲದಲ್ಲಿ ರಕ್ತ ಬಂದರೆ, ತೂಕ ಇಳೀತಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಇವತ್ತು ರಾತ್ರಿ ರೂಮ್‌ಮೇಟ್ ಹಾಲಿನ ಲೋಟ ಎತ್ತಿದಾಗ, ನೀವು ಮಜ್ಜಿಗೆ ಲೋಟ ಎತ್ತಿ.